ಬಾಡಿಗೆ ಚಪ್ಪಾಳೆಯ ಎರಡು ಸಾವಿರ ವರ್ಷ

ಮೊನ್ನೆ ಊರಿಗೆ ಹೋಗಿದ್ದೆ. ಶಿರಸಿ ಕಡೆಯ ಹಳ್ಳಿ. ಅಕ್ಕನ ಮನೆಯ ಜಗುಲಿಯಲ್ಲಿ ಭಾವನ ಜೊತೆ ಕವಳ ಹಾಕುತ್ತ ಕೂತಿದ್ದಾಗ ಅಕ್ಕ ಮೊಬೈಲ್ ಹಿಡಿದುಕೊಂಡು ಬಂದಳು. "ತಮ್ಮಾ, ನೀನು ಕಂಪ್ಯೂಟರ್ ಬಲ್ಲವ. ಇವರೆಲ್ಲ ಯಾರು ಅಂತ ಸ್ವಲ್ಪ ನೋಡಿ ಹೇಳು ಮಾರಾಯ" ಅಂದಳು.

ನೋಡಿದೆ. ಅವಳ ಇನ್‌ಸ್ಟಾಗ್ರಾಮ್ ಪುಟ. ಅಕ್ಕ ಏಳೆಂಟು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವು ಮಾಡಿ ಮಾರುತ್ತಾಳೆ. ಪುಟ ತೆರೆದುಕೊಟ್ಟವನು ಅವಳ ಮಗ. ಹೋದ ವರ್ಷ ಅಲ್ಲಿ 640 ಜನ ಫಾಲೋವರ್ಸ್ ಇದ್ದದ್ದು ನನಗೆ ನೆನಪಿದೆ. ಈಗ 9,812!

ಹೆಸರುಗಳನ್ನು ನೋಡುತ್ತ ಹೋದೆ. ಅರ್ಧಕ್ಕರ್ಧ ಅಕ್ಷರ, ಅಂಕೆಗಳ ಕಲಸುಮೇಲೋಗರ. ಮುಖ ಇಲ್ಲ, ಊರು ಇಲ್ಲ. ಒಬ್ಬನಾದರೂ ಉಪ್ಪಿನಕಾಯಿ ತಿನ್ನುವವನ ಹಾಗೆ ಕಾಣಲಿಲ್ಲ. ಅಳಿಯನ ಕಡೆ ನೋಡಿದೆ. ಅವನು ಅಂಗಳದ ಅಡಿಕೆ ಚಪ್ಪರ ನೋಡುತ್ತಿದ್ದ. ಆಮೇಲೆ ಕೊಟ್ಟಿಗೆ ಹತ್ತಿರ ಕರೆದುಕೊಂಡು ಹೋಗಿ ಕೇಳಿದ್ದಕ್ಕೆ ಬಾಯಿಬಿಟ್ಟ. "ಮಾವ, ಹತ್ತು ಸಾವಿರ ಫಾಲೋವರ್ಸ್ ಕೊಂಡೆ. ಅಮ್ಮಂಗೆ ಹೇಳಬೇಡ. ಖುಷಿಪಡಲಿ ಅಂತ ಮಾಡಿದ್ದು."

ಖುಷಿಪಟ್ಟಿದ್ದಳು, ನಿಜ. ತೊಂದರೆ ಆಗಿದ್ದೇ ಅಲ್ಲಿ. ಅಕ್ಕ ಆ ಸಂಖ್ಯೆಯನ್ನು ನಂಬಿ ಲೆಕ್ಕ ಹಾಕಿದ್ದಳು. ನೂರಕ್ಕೆ ಮೂರು ಜನ ಒಂದೊಂದು ಬಾಟಲಿ ಕೊಂಡರೂ ಮುನ್ನೂರು ಬಾಟಲಿ ಅಂತ. ಸೊಸೈಟಿಯಲ್ಲಿ ಸಾಲ ಎತ್ತಿ ಹೆಚ್ಚಿಗೆ ನಾಲ್ಕು ಸಾವಿರ ಮಿಡಿ ಕೊಂಡು, ಉಪ್ಪು ಹಾಕಿ, ಖಾರ ಅರೆದು, ಭರಣಿ ತುಂಬಿಸಿ ಕಾದಳು. ಹೊಸ ಫಾಲೋವರುಗಳಿಗೆಲ್ಲ ಕನ್ನಡದಲ್ಲಿ ಸ್ವಾಗತ ಬರೆದಳು. ಒಬ್ಬರೂ ಉತ್ತರಿಸಲಿಲ್ಲ. ಒಳ್ಳೆ ಉಪ್ಪಿನಕಾಯಿ ಬೇಗ ಕೆಡುವುದಿಲ್ಲ, ಪುಣ್ಯ. ಆದರೆ ಸೊಸೈಟಿಯ ಕಂತು ಕಾಯುವುದಿಲ್ಲವಲ್ಲ!

ಬೆಂಗಳೂರಿಗೆ ವಾಪಸು ಬರುವಾಗ ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಹಿಂದೆ ಎಂದೋ ಓದಿದ್ದ ರೋಮಿನ ಕತೆಯೊಂದು ತಲೆಯಲ್ಲಿ ಸುತ್ತತೊಡಗಿತು. ಮನೆಗೆ ಬಂದು ಪುಸ್ತಕ ತೆಗೆದು ಮತ್ತೆ ಓದಿದೆ. ನನ್ನ ಅಳಿಯ ಮಾಡಿದ್ದು ಹೊಸ ತಪ್ಪೇನಲ್ಲ, ಎರಡು ಸಾವಿರ ವರ್ಷ ಹಳೆಯ ತಪ್ಪು! ಆ ಕತೆಯನ್ನೇ ನಿಮ್ಮ ಮುಂದೆ ಇಡೋಣ ಅಂತ ಈ ಬರಹ. ಸ್ವಲ್ಪ ಉದ್ದ ಆದೀತು, ತಾಳ್ಮೆ ಇರಲಿ :)

ಶುರು ಮಾಡಬೇಕಾದ್ದು ನೀರೋನಿಂದ. ಕ್ರಿ.ಶ. 54ರಿಂದ 68ರವರೆಗೆ ರೋಮನ್ನು ಆಳಿದ ಚಕ್ರವರ್ತಿ. ರೋಮ್ ಹೊತ್ತಿ ಉರಿಯುವಾಗ ಪಿಟೀಲು ಬಾರಿಸಿದ ಅಂತ ನಾವೆಲ್ಲ ಕೇಳಿದವರೇ. ಆ ಕಾಲದಲ್ಲಿ ಪಿಟೀಲೇ ಇರಲಿಲ್ಲ, ಅದು ಬೇರೆ ಮಾತು. ಆದರೆ ಅವನಿಗೆ ಹಾಡುವ ಹುಚ್ಚು ಇದ್ದದ್ದಂತೂ ನಿಜ. ಸ್ಯುಟೋನಿಯಸ್ ಎಂಬ ಚರಿತ್ರಕಾರ ಬರೆದಿಟ್ಟಿದ್ದಾನೆ. ನೇಪಲ್ಸಿನಲ್ಲಿ ಹಾಡುವಾಗ ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ಬಂದವರು ತಾಳಬದ್ಧವಾಗಿ ಚಪ್ಪಾಳೆ ತಟ್ಟಿದ್ದು ನೀರೋಗೆ ಬಹಳ ಹಿಡಿಸಿತಂತೆ. ತಕ್ಷಣ ಇನ್ನಷ್ಟು ಜನರನ್ನು ಕರೆಸಿದ. ಅಷ್ಟಕ್ಕೇ ಬಿಡದೆ ಐದು ಸಾವಿರಕ್ಕೂ ಹೆಚ್ಚು ಗಟ್ಟಿಮುಟ್ಟಾದ ಹುಡುಗರನ್ನು ಆರಿಸಿ, ಗುಂಪು ಮಾಡಿ, ಚಪ್ಪಾಳೆಯ ತರಬೇತಿ ಕೊಡಿಸಿದ. ಚಪ್ಪಾಳೆಯಲ್ಲೂ ಬಗೆಗಳು! ಜೇನುನೊಣದ ಝೇಂಕಾರದಂಥದ್ದು ಒಂದು, ಮಾಡಿನ ಹೆಂಚಿನ ಹೆಸರಿನದು ಒಂದು, ಮಡಕೆಯ ಚೂರಿನ ಹೆಸರಿನದು ಇನ್ನೊಂದು. ಗುಂಪಿನ ನಾಯಕರಿಗೆ ಸಿಗುತ್ತಿದ್ದ ಹಣ ನಾಲ್ಕು ಲಕ್ಷ ಸೆಸ್ಟರ್ಸ್. ರೋಮಿನಲ್ಲಿ ಕುದುರೆ ಸವಾರ ಶ್ರೀಮಂತ ವರ್ಗಕ್ಕೆ ಸೇರಲು ಇರಬೇಕಾಗಿದ್ದ ಆಸ್ತಿ ಅಷ್ಟೇ. ಅಂದರೆ ಸಣ್ಣ ಮೊತ್ತವಲ್ಲ.

ಇನ್ನೊಬ್ಬ ಚರಿತ್ರಕಾರ ಟ್ಯಾಸಿಟಸ್ ಹೇಳುವುದು ಇನ್ನೂ ಸ್ವಾರಸ್ಯವಾಗಿದೆ. ದೂರದ ಊರುಗಳಿಂದ ಬಂದ ಹಳ್ಳಿ ಜನರಿಗೆ ಈ ಚಪ್ಪಾಳೆ ಅಭ್ಯಾಸ ಇರಲಿಲ್ಲ. ಕೈ ಸೋತು ತಾಳ ತಪ್ಪುತ್ತಿದ್ದರು. ಹಾಗೆ ತಪ್ಪಿದವರಿಗೆ ಸಾಲುಗಳ ನಡುವೆ ನಿಂತ ಸೈನಿಕರಿಂದ ಏಟು! ನೋಡಿ, ನಿಜವಾದ ಪ್ರೇಕ್ಷಕನೇ ಅಲ್ಲಿ ಅಡ್ಡಿಯಾಗಿಬಿಟ್ಟ.

ನೀರೋನ ಕೊನೆ ಗೊತ್ತಲ್ಲ. ಸೈನ್ಯ ತಿರುಗಿಬಿತ್ತು, ಸೆನೆಟ್ ಅವನನ್ನು ದೇಶದ ಶತ್ರು ಅಂತ ಸಾರಿತು, ಅವನು ಪ್ರಾಣ ಕಳೆದುಕೊಂಡ. ಆ ಹೊತ್ತಿನಲ್ಲೂ ತನ್ನಂಥ ಕಲಾವಿದ ಸಾಯುತ್ತಿದ್ದಾನಲ್ಲ ಅಂತ ಕೊರಗಿದನೆಂದು ಸ್ಯುಟೋನಿಯಸ್ ಬರೆಯುತ್ತಾನೆ. ನನಗೆ ಇದನ್ನು ಓದಿದಾಗ ನಗುವಿಗಿಂತ ಮರುಕವೇ ಹೆಚ್ಚಾಯಿತು. ಚಪ್ಪಾಳೆಗೆ ದುಡ್ಡು ಕೊಟ್ಟವನು ತಾನೇ. ಅದನ್ನು ನಿಜ ಅಂತ ಕೊನೆಯವರೆಗೂ ನಂಬಿದವನೂ ತಾನೇ.

ನೀರೋ ಸತ್ತ ಮೇಲೆ ಈ ಚಾಳಿ ಅರಮನೆಯಿಂದ ಕೋರ್ಟಿಗೆ ಇಳಿಯಿತು. ಕಿರಿಯ ಪ್ಲಿನಿ ಎಂಬ ವಕೀಲನ ಕಾಗದಗಳು ಇವತ್ತಿಗೂ ಉಳಿದಿವೆ. ಒಂದು ಕಾಗದದಲ್ಲಿ ಆತ ಗೋಳಾಡಿಕೊಂಡಿದ್ದಾನೆ. ಎಳೆಯ ವಕೀಲರು ಬಾಡಿಗೆ ಕೇಳುಗರನ್ನು ಕರೆತರುತ್ತಾರೆ, ತನ್ನ ಮನೆಯ ಇಬ್ಬರು ಆಳು ಹುಡುಗರನ್ನೂ ತಲೆಗೆ ಮೂರು ಡಿನೇರಿಯಸ್ ಕೊಟ್ಟು ಎಳೆದುಕೊಂಡು ಹೋಗಿದ್ದರು ಅಂತ. ಇಂಥವರಿಗೆ 'ಊಟಕ್ಕೆ ಹೊಗಳುವವರು' ಎಂಬ ಅರ್ಥದ ಅಡ್ಡಹೆಸರೂ ಇತ್ತು. ಪ್ಲಿನಿ ಮುಂದುವರಿದು ಒಂದು ಉಪಾಯ ಹೇಳಿಕೊಡುತ್ತಾನೆ. ಕೋರ್ಟಿನ ಪಕ್ಕ ಹಾದು ಹೋಗುವಾಗ ಒಳಗೆ ಯಾರು ಹೇಗೆ ವಾದಿಸುತ್ತಿದ್ದಾರೆ ಅಂತ ತಿಳಿಯಬೇಕೇ? ಒಳಗೆ ಹೋಗುವುದೇ ಬೇಡ. ಯಾರಿಗೆ ಹೆಚ್ಚು ಚಪ್ಪಾಳೆ ಬೀಳುತ್ತಿದೆಯೋ ಅವನದೇ ಅತ್ಯಂತ ಕೆಟ್ಟ ವಾದ ಅಂತ ತಿಳಿದುಕೊಂಡರೆ ಸಾಕು!

ಈ ಮಾತಿನಲ್ಲಿ ಇಡೀ ವಿಷಯ ಇದೆ ಅನ್ನಿಸುತ್ತದೆ ನನಗೆ. ಚಪ್ಪಾಳೆ ಇರುವುದು ಅಳತೆಗೆ. ಕೊಳಗದ ಹಾಗೆ. ಯಾರು ಚೆನ್ನಾಗಿ ಮಾತಾಡಿದರು, ಯಾರ ಸರಕು ಒಳ್ಳೆಯದು ಅಂತ ತಿಳಿಯುವುದಕ್ಕೆ. ಅದನ್ನೇ ದುಡ್ಡಿಗೆ ಕೊಂಡರೆ ಕೊಳಗದ ತಳ ಒಡೆದ ಹಾಗೆ. ಆಮೇಲೆ ಎಷ್ಟು ಅಳೆದರೂ ಲೆಕ್ಕ ಸಿಗುವುದಿಲ್ಲ.

ಈಗ ರೋಮಿನಿಂದ ಸೀದಾ ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿಗೆ ಹೋಗೋಣ. ಯಾಕೆಂದರೆ ಬಾಡಿಗೆ ಚಪ್ಪಾಳೆ ಪೂರ್ತಿ ವ್ಯಾಪಾರವಾಗಿ ನಿಂತದ್ದು ಅಲ್ಲಿ. 1820ರ ಹೊತ್ತಿಗೆ ನಾಟಕಗಳಿಗೆ ಯಶಸ್ಸಿನ ಖಾತರಿ ಕೊಡುವ ಏಜೆನ್ಸಿಯೇ ಅಲ್ಲಿ ಶುರುವಾಗಿತ್ತು. ಇಂಥ ಬಾಡಿಗೆ ಗುಂಪಿಗೆ 'ಕ್ಲಾಕ್' ಅಂತ ಹೆಸರು. ಫ್ರೆಂಚಿನಲ್ಲಿ ತಟ್ಟುವುದು ಅಂತ ಅರ್ಥ. ಜನ ಇವರನ್ನು ತಮಾಷೆಗೆ 'ರೋಮನ್ನರು' ಅಂತಲೂ ಕರೆಯುತ್ತಿದ್ದರು. ನೀರೋನನ್ನು ಅವರು ಮರೆತಿರಲಿಲ್ಲ!

ಒಳಗೆ ಕೆಲಸದ ಹಂಚಿಕೆ ನೋಡಿ. ನಗುವುದಕ್ಕೇ ಕೆಲವರು. ಕರವಸ್ತ್ರ ಹಿಡಿದು ಅಳುವುದಕ್ಕೇ ಕೆಲವರು, ಹೆಚ್ಚಾಗಿ ಹೆಂಗಸರು. 'ಒನ್ಸ್ ಮೋರ್' ಕೂಗುವುದಕ್ಕೇ ಕೆಲವರು. ನಾಟಕವನ್ನು ಮೊದಲೇ ಬಾಯಿಪಾಠ ಮಾಡಿಕೊಂಡು 'ಈಗ ಬರುತ್ತೆ ನೋಡಿ, ಎಂಥ ಮಾತು' ಅಂತ ಪಕ್ಕದವರಿಗೆ ತಿವಿಯುವವರು ಇನ್ನು ಕೆಲವರು. ನಮ್ಮ ಕಾಲದ ಲೈಕು, ಕಮೆಂಟು, ಶೇರು ಎಲ್ಲವೂ ಆಗಲೇ ವಿಂಗಡವಾಗಿ ಮಾರಾಟಕ್ಕೆ ಇದ್ದವು.

ಪ್ಯಾರಿಸ್ ಒಪೆರಾದಲ್ಲಿ 1830ರ ದಶಕದಲ್ಲಿ ಈ ಗುಂಪಿನ ಯಜಮಾನನಾಗಿದ್ದವನು ಓಗುಸ್ತ್ ಲೆವಾಸ್ಯೂರ್. ಒಪೆರಾದ ನಿರ್ದೇಶಕ ಲೂಯಿ ವೆರಾನ್ ಹೊಸ ಪ್ರದರ್ಶನಕ್ಕೆ ಮುಂಚೆ ಇವನ ಜೊತೆ ಕೂತು ಎಲ್ಲಿ ಎಷ್ಟು ಚಪ್ಪಾಳೆ ಬೀಳಬೇಕು ಅಂತ ತೀರ್ಮಾನ ಮಾಡುತ್ತಿದ್ದ. ಓಗುಸ್ತ್ ರಿಹರ್ಸಲ್ಲುಗಳಿಗೆ ಬಂದು ಕೂತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಅವನ ಸಂಪಾದನೆ ಎರಡು ಕಡೆಯಿಂದ. ಒಪೆರಾ ಕೊಡುವ ಪುಕ್ಕಟೆ ಟಿಕೆಟ್ಟುಗಳಲ್ಲಿ ಕೆಲವನ್ನು ಮಾರುವುದು ಒಂದು, ಹಾಡುವವರು ಕುಣಿಯುವವರು ಕೊಡುವ ಕಾಣಿಕೆ ಇನ್ನೊಂದು.

ಆ ಎರಡನೆಯದೇ ಕುತ್ತಿಗೆಗೆ ಬಂದದ್ದು. ಚಪ್ಪಾಳೆ ಮಾರುವವನು ಚಪ್ಪಾಳೆಯನ್ನಷ್ಟೇ ಮಾರುತ್ತಾನೆ ಅಂತ ಯಾಕೆ ಅಂದುಕೊಳ್ಳಬೇಕು? ಹೋಗ್ ಹೋಗ್ ಅಂತ ಕೂಗುವುದೂ ಅದೇ ಬಾಯಿಗೆ ಬರುತ್ತದಲ್ಲ! ಯೂರೋಪಿನ ಒಪೆರಾಗಳಲ್ಲಿ ಕಾಣಿಕೆ ಕೊಡದ ಹಾಡುಗಾರರಿಗೆ ಶಿಳ್ಳೆ, ಗಲಾಟೆಯ ಬೆದರಿಕೆ ಬರುವುದು ಮಾಮೂಲಾಯಿತು. ಚೆನ್ನಾಗಿ ಹಾಡುವವರೂ ಹೆದರಿ ಕಪ್ಪ ಕೊಡಬೇಕಾಯಿತು. ಖುಷಿಗೆ ಕೊಂಡದ್ದು ಆಮೇಲೆ ಮಾಮೂಲಿ ವಸೂಲಿ ಆಗಿಹೋಯಿತು. ವಿಯೆನ್ನಾದ ಒಪೆರಾದಲ್ಲಿ 1897ರಲ್ಲಿ ನಿರ್ದೇಶಕನಾಗಿ ಬಂದ ಸಂಗೀತಗಾರ ಗುಸ್ತಾವ್ ಮಾಹ್ಲರ್ ಇದನ್ನು ನಿಲ್ಲಿಸಲು ಹೊರಟ. ಆದರೂ ಅಷ್ಟು ಸುಲಭಕ್ಕೆ ಹೋಗುವ ರೋಗವಲ್ಲ ಅದು.

ಎಷ್ಟು ಸುಲಭಕ್ಕೆ ಹೋಗಲಿಲ್ಲ ಅಂದರೆ, 1919ರಲ್ಲಿ ಲಂಡನ್ನಿನ ಮ್ಯೂಸಿಕಲ್ ಟೈಮ್ಸ್ ಪತ್ರಿಕೆ ಇಟಲಿಯ ಕ್ಲಾಕಿನ ದರಪಟ್ಟಿಯನ್ನೇ ಅಚ್ಚು ಹಾಕಿತು. ಗಂಡಸು ವೇದಿಕೆಗೆ ಬರುವಾಗ ಚಪ್ಪಾಳೆಗೆ 25 ಲೀರಾ, ಹೆಂಗಸಿಗೆ 15. ನಡುವೆ ಬರುವ ಸಾಧಾರಣ ಚಪ್ಪಾಳೆಗೆ 10. 'ಬ್ರಾವೋ' ಅನ್ನುವುದಕ್ಕೆ 5. ಏನೇ ಆಗಲಿ ಮತ್ತೊಮ್ಮೆ ಹಾಡಲೇಬೇಕು ಅಂತ ಹಟ ಹಿಡಿಯುವುದಕ್ಕೆ 50. ಹುಚ್ಚೆದ್ದ ಉತ್ಸಾಹ ಬೇಕಿದ್ದರೆ ದರ ಪ್ರತ್ಯೇಕ ಮಾತಾಡಿಕೊಳ್ಳಬೇಕು!

ಇದರ ಪಕ್ಕಕ್ಕೆ ನೂರು ವರ್ಷದ ನಂತರದ ಒಂದು ಲೆಕ್ಕ ಇಡುತ್ತೇನೆ. 2019ರಲ್ಲಿ ಲಾಟ್ವಿಯಾದ ರೀಗಾದಲ್ಲಿರುವ, ನೇಟೋ ಮಾನ್ಯತೆಯ ಸಂಶೋಧನಾ ಕೇಂದ್ರವೊಂದು ಪರೀಕ್ಷೆಗೆಂದೇ 300 ಯೂರೋ ಖರ್ಚು ಮಾಡಿತು. ಸಿಕ್ಕಿದ್ದು 3,530 ಕಮೆಂಟ್, 25,750 ಲೈಕ್, 20,000 ವೀಕ್ಷಣೆ, 5,100 ಫಾಲೋವರ್ಸ್. ಚಪ್ಪಾಳೆ ಬಹಳ ಅಗ್ಗವಾಗಿದೆ ನೋಡಿ.

ಇದೆಲ್ಲ ಕಲಾವಿದರ ಹುಚ್ಚು, ವ್ಯಾಪಾರಸ್ಥರು ಹಾಗಲ್ಲ ಅಂತೀರಾ? ಪತ್ರಿಕೆಗಳ ಕತೆ ಕೇಳಿ. ಅಮೆರಿಕದಲ್ಲಿ ಜಾಹೀರಾತು ದೊಡ್ಡ ಉದ್ಯಮ ಆದಾಗ ಪತ್ರಿಕೆಗಳು ತಮ್ಮ ಪ್ರಸಾರ ಸಂಖ್ಯೆಯನ್ನು ಬಾಯಿಗೆ ಬಂದಷ್ಟು ಹೇಳುತ್ತಿದ್ದವು. ಆ ಸಂಖ್ಯೆಯ ಮೇಲೇ ಜಾಹೀರಾತಿನ ದರ. ಒಬ್ಬ ಸುಳ್ಳು ಹೇಳಿದ ಮೇಲೆ ಪಕ್ಕದವನೂ ಹೇಳಲೇಬೇಕು, ಇಲ್ಲದಿದ್ದರೆ ಸತ್ಯ ಹೇಳಿದವನೇ ಸಣ್ಣವನಾಗಿ ಕಾಣುತ್ತಾನೆ. ಕೊನೆಗೆ ಯಾರನ್ನೂ ನಂಬುವ ಹಾಗಿಲ್ಲ ಅಂತಾಗಿ 1914ರಲ್ಲಿ ಜಾಹೀರಾತುದಾರರು, ಏಜೆನ್ಸಿಗಳು, ಪ್ರಕಾಶಕರು ಸೇರಿ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಕಟ್ಟಿಕೊಂಡರು. ನಮ್ಮ ದೇಶದಲ್ಲಿ ಇದೇ ಹೆಸರಿನ ಸಂಸ್ಥೆ ಬಂದದ್ದು 1948ರಲ್ಲಿ. ಪತ್ರಿಕೆಗಳಲ್ಲಿ 'ಎಬಿಸಿ' ಅಂತ ನೋಡಿರುತ್ತೀರಿ, ಅದೇ.

ಆಡಿಟ್ ಬಂದ ಮೇಲೂ ಆಸೆ ಹೋಗಲಿಲ್ಲ. 2004ರಲ್ಲಿ ನ್ಯೂಯಾರ್ಕ್ ಪ್ರದೇಶದ ನ್ಯೂಸ್‌ಡೇ ಪತ್ರಿಕೆ ಪ್ರಸಾರ ಸಂಖ್ಯೆ ಉಬ್ಬಿಸಿದ್ದು ಬಯಲಾಯಿತು. ಜಾಹೀರಾತುದಾರರಿಗೆ ಹಣ ವಾಪಸು ಕೊಡಲು ಅದರ ಒಡೆಯ ಟ್ರಿಬ್ಯೂನ್ ಕಂಪನಿ ಸುಮಾರು 9 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಆ ಪತ್ರಿಕೆಗೆ ಲಕ್ಷಗಟ್ಟಲೆ ನಿಜವಾದ ಓದುಗರು ಇದ್ದರು ಅನ್ನುವುದನ್ನು ಗಮನಿಸಿ. ಸುಳ್ಳು ಸೇರಿಸಿದ್ದರಿಂದ ಆ ನಿಜವಾದವರ ಮೇಲೂ ಅನುಮಾನ ಬಂತು.

ಈಗ ನಮ್ಮ ಕಾಲಕ್ಕೆ ಬರೋಣ. 2018ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ದೊಡ್ಡ ತನಿಖಾ ವರದಿ ಪ್ರಕಟಿಸಿತು. ಡೆವುಮಿ ಎಂಬ ಅಮೆರಿಕದ ಕಂಪನಿಯೊಂದು ಗಿರಾಕಿಗಳಿಗೆ 20 ಕೋಟಿಗೂ ಹೆಚ್ಚು ಟ್ವಿಟರ್ ಫಾಲೋವರ್ಸ್ ಮಾರಿತ್ತು. ಅದರ ದಾಸ್ತಾನಿನಲ್ಲಿ ಇದ್ದದ್ದು ಕನಿಷ್ಠ 35 ಲಕ್ಷ ಯಾಂತ್ರಿಕ ಖಾತೆಗಳು. ಅವನ್ನೇ ಮತ್ತೆ ಮತ್ತೆ ಮಾರುವುದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅವುಗಳಲ್ಲಿ ಕನಿಷ್ಠ 55,000 ಖಾತೆಗಳು ನಿಜವಾದ ಮನುಷ್ಯರ ಹೆಸರು, ಫೋಟೋ ಕದ್ದು ಮಾಡಿದವು. ಹದಿಹರೆಯದ ಮಕ್ಕಳದ್ದೂ ಇದ್ದವು. 2019ರ ಜನವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಇದು ಕಾನೂನುಬಾಹಿರ ಅಂತ ತೀರ್ಮಾನಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯ ಒಡೆಯನ ಮೇಲೆ 25 ಲಕ್ಷ ಡಾಲರಿನ ಆದೇಶ ಪಡೆಯಿತು. 2024ರ ಅಕ್ಟೋಬರ್ 21ರಿಂದ ಅಲ್ಲಿ ಹೊಸ ನಿಯಮ ಜಾರಿಯಲ್ಲಿದೆ. ವ್ಯಾಪಾರಕ್ಕಾಗಿ ನಕಲಿ ಫಾಲೋವರ್ಸ್ ಅಂತ ಗೊತ್ತಿದ್ದೂ ಮಾರಿದವನು ಮಾತ್ರವಲ್ಲ, ಕೊಂಡವನೂ ದಂಡಕ್ಕೆ ಗುರಿ. ನಮ್ಮಲ್ಲೂ 2020ರಲ್ಲಿ ಮುಂಬೈ ಪೊಲೀಸರು ನಕಲಿ ಫಾಲೋವರ್ ಮಾರಾಟದ ಜಾಲದ ತನಿಖೆ ನಡೆಸಿ ಬಂಧನವನ್ನೂ ಮಾಡಿದ್ದರು.

ಕಾನೂನು ಅಕ್ಕನ ಹಪ್ಪಳದವರೆಗೆ ಬರುವುದಿಲ್ಲ ಬಿಡಿ. ಅವಳಿಗಾದ ನಷ್ಟ ಬೇರೆ ತರಹದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮನೆಯಲ್ಲಿ ಸಣ್ಣ ವ್ಯಾಪಾರ ಮಾಡುವವರು ನಿಮ್ಮಲ್ಲೂ ಇರಬಹುದು.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್ಕಿನಂಥವು ನೀವು ಹಾಕಿದ್ದನ್ನೆಲ್ಲ ಎಲ್ಲ ಫಾಲೋವರ್ಸಿಗೂ ತೋರಿಸುವುದಿಲ್ಲ. ನೋಡಿದವರು ಹೇಗೆ ಸ್ಪಂದಿಸುತ್ತಾರೆ ಅನ್ನುವುದರ ಮೇಲೆ ಮುಂದೆ ಯಾರಿಗೆ ತೋರಿಸಬೇಕು ಅಂತ ತೀರ್ಮಾನಿಸುತ್ತವೆ. ಮೊದಲು ಅಕ್ಕನಿಗೆ 640 ಜನರಲ್ಲಿ ಅರವತ್ತು ಲೈಕು ಬರುತ್ತಿತ್ತು. ನೂರಕ್ಕೆ ಒಂಬತ್ತು. ಒಳ್ಳೆಯ ಲೆಕ್ಕ. ಹತ್ತು ಸಾವಿರ ಸೇರಿದ ಮೇಲೂ ಅದೇ ಅರವತ್ತು. ಈಗ ನೂರಕ್ಕೆ ಅರ್ಧ! ಯಂತ್ರಕ್ಕೆ ಅಕ್ಕನ ಕೈರುಚಿ ಗೊತ್ತಿಲ್ಲ. 'ಇದನ್ನು ಯಾರೂ ಇಷ್ಟಪಡುತ್ತಿಲ್ಲ' ಅಂತ ಅದಕ್ಕೆ ಕಂಡಿತು. ಬರುಬರುತ್ತ ಆ ಅರವತ್ತೂ ಹದಿನೈದಕ್ಕೆ ಇಳಿಯಿತು. ಯಾವಾಗಲೂ ಕೊಳ್ಳುತ್ತಿದ್ದ ಬೆಂಗಳೂರು, ಮುಂಬೈಯವರು 'ಈ ವರ್ಷ ಮಿಡಿ ಹಾಕಲೇ ಇಲ್ಲವೇನು?' ಅಂತ ಆಮೇಲೆ ಫೋನು ಮಾಡಿ ಕೇಳಿದರಂತೆ.

ಅಕ್ಕ ಮೂರು ಸಾವಿರ ರೂಪಾಯಿ ಕೊಟ್ಟು ಒಂದು ಜಾಹೀರಾತನ್ನೂ ಬಿಟ್ಟಿದ್ದಳು. 'ನನ್ನ ಫಾಲೋವರ್ಸ್‌ನಂಥವರನ್ನೇ ಹುಡುಕಿ ತೋರಿಸು' ಅನ್ನುವ ಸೌಲಭ್ಯ ಇರುತ್ತದೆ. ಅಳಿಯ ಅದನ್ನೇ ಆರಿಸಿದ್ದ. ಪಾಪ, ಯಂತ್ರ ಹೇಳಿದ ಹಾಗೆ ಕೇಳಿತು. ಮುಖವಿಲ್ಲದವರಂಥ ಇನ್ನಷ್ಟು ಮುಖವಿಲ್ಲದವರನ್ನು ಹುಡುಕಿ ತೋರಿಸಿತು.

ಇನ್ನು ಕೊಂಡದ್ದಾದರೂ ಉಳಿಯುತ್ತದೆಯೇ? ಅದೂ ಇಲ್ಲ. 2014ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಮ್ ನಕಲಿ ಖಾತೆಗಳನ್ನು ಗುಡಿಸಿದಾಗ ಅದರ ಸ್ವಂತ ಖಾತೆಯೇ ಸುಮಾರು 1.9 ಕೋಟಿ ಫಾಲೋವರ್ಸ್ ಕಳೆದುಕೊಂಡಿತು. 2018ರ ಜುಲೈನಲ್ಲಿ ಟ್ವಿಟರ್ ಗುಡಿಸಿದಾಗ ಅದರ ಅಧಿಕೃತ ಖಾತೆಯಿಂದ 77 ಲಕ್ಷ ಉದುರಿತು. ಅಕ್ಕನ ಹತ್ತು ಸಾವಿರದಲ್ಲೂ ಆಗಲೇ ಎಂಟುನೂರಕ್ಕೂ ಹೆಚ್ಚು ಉದುರಿತ್ತು. ಅಳಿಯ ಮಾರಿದವರನ್ನು ಕೇಳಿದ್ದಕ್ಕೆ ಇನ್ನೂ ಸ್ವಲ್ಪ ದುಡ್ಡು ಹಾಕಿ, ತುಂಬಿಸಿಕೊಡುತ್ತೇವೆ ಅಂದರಂತೆ. ಹೇಗಿದೆ? ಪ್ಯಾರಿಸ್ಸಿನ ರೋಮನ್ನರ ಮಾಮೂಲಿಯೇ!

ಅಳಿಯನನ್ನು ಬೈಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ನಾವೇನು ಸಾಚಾಗಳೇ? ನಮ್ಮ ಬ್ಲಾಗುಗಳ ಮೂಲೆಯಲ್ಲಿ ಹಿಟ್ ಕೌಂಟರ್ ಇದ್ದ ಕಾಲದಲ್ಲಿ ನನ್ನದನ್ನು ನಾನೇ ದಿನಕ್ಕೆ ಇಪ್ಪತ್ತು ಸಲ ತೆರೆದು ನೋಡಿದ್ದೇನೆ. ಸಾವಿರ ಮುಟ್ಟಿದ ದಿನ ಮನೆಯಲ್ಲಿ ಪಾಯಸ ಮಾಡಿಸಬೇಕು ಅನ್ನಿಸಿತ್ತು. ಅದರಲ್ಲಿ ನನ್ನದೇ ಆರುನೂರು ಇದ್ದೀತು! ಸಿನಿಮಾ ನೂರು ದಿನ ಓಡಿಸುವುದಕ್ಕೆ ಥಿಯೇಟರಿನ ಬಾಡಿಗೆಯನ್ನು ಕೈಯಿಂದ ಕಟ್ಟುತ್ತಾರಂತೆ ಅಂತ ಗಾಂಧಿನಗರದ ಬಗ್ಗೆ ನಾವೇ ಎಷ್ಟು ಸಲ ನಕ್ಕಿಲ್ಲ. ದೊಡ್ಡ ಅಂಕಿ ಕಂಡರೆ ಮನಸ್ಸು ಅರಳುತ್ತದೆ. ಅದು ತಪ್ಪೇನಲ್ಲ. ಆ ಅಂಕಿಯನ್ನು ನಂಬಿ ಮಿಡಿ ಕೊಂಡಾಗ ಮಾತ್ರ ಕಷ್ಟ.

ಕೊನೆಗೆ ಅಕ್ಕನಿಗೆ ಹೇಳಿದ್ದಾಯಿತು. ಬೆಂಗಳೂರಿನಿಂದ ಫೋನು ಮಾಡಿ ನಾನೇ ಹೇಳಿದೆ, ಅಳಿಯನೂ ಪಕ್ಕದಲ್ಲಿ ಇದ್ದ. ನೀರೋನ ಕತೆಯನ್ನೂ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಬೈಯುತ್ತಾಳೆ ಅಂದುಕೊಂಡೆ.

"ಹಾಗಾದರೆ ಅವರ್ಯಾರೂ ಇರಲೇ ಇಲ್ಲವಾ?" ಅಂದಳು. "ನಾನು ಇಷ್ಟು ದಿನ ನನ್ನ ರುಚಿಯೇ ಕೆಟ್ಟಿತೇನೋ ಅಂದುಕೊಂಡಿದ್ದೆ ತಮ್ಮಾ. ಹತ್ತು ಸಾವಿರ ಜನರಲ್ಲಿ ಒಬ್ಬರೂ ಕೇಳಲಿಲ್ಲ ಅಂದರೆ ನನ್ನ ಕೈಯಲ್ಲೇ ಏನೋ ತಪ್ಪಾಗಿದೆ ಅಂತ. ಈ ಸಲ ಸಾಸಿವೆ ಕೂಡ ಕಡಿಮೆ ಹಾಕಿ ನೋಡಿದೆ."

ನನಗೆ ಗಂಟಲು ಕಟ್ಟಿತು. ಸಾಲದ ಲೆಕ್ಕ ನಾನು ಹಾಕಿದ್ದೆ, ಈ ಲೆಕ್ಕ ಹಾಕಿರಲಿಲ್ಲ. ನೀರೋಗೆ ಸುಳ್ಳು ಚಪ್ಪಾಳೆಯಿಂದ ತಾನು ದೊಡ್ಡ ಹಾಡುಗಾರ ಅನ್ನಿಸಿತು. ಅಕ್ಕನಿಗೆ ಸುಳ್ಳು ಜನರ ಮೌನದಿಂದ ತನ್ನ ಕೈರುಚಿಯ ಮೇಲೇ ಅನುಮಾನ ಬಂತು. ಎರಡೂ ಒಂದೇ ಒಡೆದ ಕೊಳಗದ ಅಳತೆ.

ಈಗ ಅಳಿಯ ದಿನಾ ರಾತ್ರಿ ಕೂತು ಆ ನಕಲಿ ಹೆಸರುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಾನೆ. ಇನ್ನೂ ಏಳು ಸಾವಿರ ಬಾಕಿ ಇದೆಯಂತೆ. ಅಕ್ಕ ಹಳೆಯ ನೋಟ್‌ಬುಕ್ ಹುಡುಕಿ, ಹಿಂದೆ ಕೊಂಡವರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದಾಳೆ. ಮೊದಲ ವಾರ ಮೂವತ್ತೆಂಟು ಬಾಟಲಿ ಹೋಯಿತು. ಒಬ್ಬ ಅಜ್ಜಿ ಮಾತ್ರ "ಈ ಸಲ ಸಾಸಿವೆ ಸ್ವಲ್ಪ ಕಡಿಮೆ ಆಯ್ತು ಕಣೆ" ಅಂತ ಬೈದರಂತೆ. ಅದನ್ನು ಹೇಳುವಾಗ ಅಕ್ಕನ ದನಿಯಲ್ಲಿ ಎಷ್ಟು ಖುಷಿ ಇತ್ತು ಗೊತ್ತೇ!

ನಿಮ್ಮ ಮನೆಯಲ್ಲೋ ಊರಲ್ಲೋ ಇಂಥದ್ದು ನಡೆದಿದ್ದರೆ ಬರೆಯಿರಿ. ಬೈದರೂ ಪರವಾಗಿಲ್ಲ, ನಿಜವಾದವರು ಬೈದರೆ ಸಾಕು :)